ಅಂಗಾಲಿನ ಅಳತೆ

ರಾಜ್ಯದ ಯಾವ ತಾಲ್ಲೂಕು ಪೇಟೆಯ ಚಪ್ಪಲಿ ಅಂಗಡಿಗೇ ಹೋಗಿ ‘ಎಂಸಿಆರ್ ಇದೆಯಾ?’ ಎಂದು ಕೇಳಿದರೂ ಸಾಕು, ಅಂಗಡಿಯವರು ಮೇಲಿನ ಗೂಡಿನಿಂದ ಒಂದು ಡಬ್ಬ ಇಳಿಸುತ್ತಾರೆ. ಒಳಗೆ ದಪ್ಪ ಅಟ್ಟೆಯ, ಅಗಲ ಪಟ್ಟಿಯ, ಅಂದಚೆಂದದ ಗೊಡವೆಗೇ ಹೋಗದ ಒಂದು ಜೊತೆ ಚಪ್ಪಲಿ. ‘ಹಿಮ್ಮಡಿ ನೋವಾ, ಶುಗರಾ?’ ಎಂಬುದು ಅವರ ಮುಂದಿನ ಪ್ರಶ್ನೆ. ಹೆಬ್ಬೆರಳಿನಿಂದ ಒತ್ತಿದರೆ ಅಟ್ಟೆ ಮೆತ್ತಗೆ ತಗ್ಗುತ್ತದೆ, ಬೆರಳು ತೆಗೆದ ಕೂಡಲೇ ಮೇಲೇಳುತ್ತದೆ. ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಒಡಲಲ್ಲಿ ಇಟ್ಟುಕೊಂಡ ರಬ್ಬರು. ಕೊಳ್ಳುವವರಿಗೂ ಮಾರುವವರಿಗೂ ಇದು ‘ಡಾಕ್ಟರ್ ಚಪ್ಪಲಿ’. ಆ ಡಾಕ್ಟರ್ ಯಾರು ಎಂದು ಕೇಳುವವರು ಕಡಿಮೆ.

ಆ ಮೂರಕ್ಷರದ ಹಿಂದಿನ ಕತೆ ನಡೆದದ್ದು ಇಲ್ಲೇ ಪಕ್ಕದ ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಬಂದರು. ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, ಓದಿದ್ದು ಲಂಡನ್ನಿನಲ್ಲಿ. ಕುಷ್ಠರೋಗಿಗಳ ಕೈಕಾಲು ತಾನಾಗಿಯೇ ಕೊಳೆತು ಉದುರುತ್ತದೆ, ಅದು ಆ ರೋಗದ ಗುಣವೇ ಎಂದು ವೈದ್ಯರೂ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಗಮನಿಸಿದ್ದು ಬಹಳ ಸರಳವಾದ ಒಂದು ಸಂಗತಿ. ಅಂಗಾಲಿನ ಹುಣ್ಣು ಎಲ್ಲೆಂದರಲ್ಲಿ ಏಳುತ್ತಿರಲಿಲ್ಲ. ಬೆರಳ ಬುಡ, ಹಿಮ್ಮಡಿ, ಹೀಗೆ ಮೂಳೆ ಉಬ್ಬಿ ನೆಲಕ್ಕೆ ಒತ್ತುವ ಜಾಗದಲ್ಲೇ ಏಳುತ್ತಿತ್ತು. ಕಾಲಿಗೆ ಪ್ಲಾಸ್ಟರ್ ಕಟ್ಟಿದರೆ ಎಲ್ಲರ ಹುಣ್ಣಿನಂತೆ ಅದೂ ಮಾಯುತ್ತಿತ್ತು. ರೋಗಿ ಎದ್ದು ನಡೆದಾಡಿದರೆ ಅದೇ ಜಾಗದಲ್ಲಿ ಮತ್ತೆ ಬಾಯಿಬಿಡುತ್ತಿತ್ತು. ಅಂದಮೇಲೆ ಮಾಂಸದಲ್ಲಿ ಏನೂ ದೋಷವಿಲ್ಲ. ರೋಗ ನರವನ್ನು ಕೊಂದಿದೆ, ಕಾಲಿಗೆ ನೋವು ತಿಳಿಯುತ್ತಿಲ್ಲ, ಮೈಭಾರವೆಲ್ಲ ಅಂಗೈ ನಡುವಿನಷ್ಟು ಜಾಗದ ಮೇಲೆ ದಿನವಿಡೀ ಬಿದ್ದು ಚರ್ಮವನ್ನು ಜಜ್ಜುತ್ತಿದೆ.

ಹೈಸ್ಕೂಲಿನ ಭೌತಶಾಸ್ತ್ರ ಇಷ್ಟಕ್ಕೆ ಸಾಕು. ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಅದೇ ಮನುಷ್ಯ ಮಣೆಯ ಮೇಲೆ ಕೂತರೆ ಸುಖ, ಮಣೆಯ ಅಂಚಿನ ಮೇಲೆ ಕೂತರೆ ಸಂಕಟ. ಮೈಭಾರ ಇಳಿಸುವುದು ವೈದ್ಯರ ಕೈಯಲ್ಲಿಲ್ಲ. ಅದು ಬೀಳುವ ಜಾಗವನ್ನು ಹಿಗ್ಗಿಸುವುದು ಚಪ್ಪಲಿ ಹೊಲಿಯುವವರ ಕೈಯಲ್ಲಿದೆ. ವೆಲ್ಲೂರಿನಲ್ಲಿ ಮತ್ತು ಹತ್ತಿರದ ಕರಿಗಿರಿಯ ಕುಷ್ಠರೋಗ ಸಂಸ್ಥೆಯಲ್ಲಿ ಅದೆಷ್ಟೋ ಬಗೆಯ ವಸ್ತುಗಳನ್ನು ಪ್ರಯೋಗಿಸಿ ನೋಡಿದ ಮೇಲೆ ಗುಳ್ಳೆರಬ್ಬರಿನ ಅಟ್ಟೆ ನೆಲೆ ನಿಂತಿತು. ಮೊಳೆ ಹೊಡೆಯಬಾರದು, ಅಂಟಿನಲ್ಲೇ ಕೂರಿಸಬೇಕು ಎಂಬುದು ಅದರ ಕಟ್ಟಳೆ. ಅಟ್ಟೆ ಸವೆದು ಮೊಳೆ ಮೇಲೆ ಬಂದರೆ ಸ್ಪರ್ಶವಿಲ್ಲದ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಅವರ ತಂಡ ಇಲಿಗಳ ಅಂಗಾಲನ್ನು ಯಂತ್ರದಿಂದ ಮೆಲ್ಲಗೆ, ಆದರೆ ಸಾವಿರಾರು ಸಲ ಒತ್ತಿ ನೋಡಿತು. ಒಂದು ಒತ್ತು ಏನೂ ಮಾಡುವುದಿಲ್ಲ. ಅದೇ ಒತ್ತು ದಿನಕ್ಕೆ ಸಾವಿರಾರು ಸಲ, ದಿನದಿನವೂ ಬಿದ್ದರೆ ಊತ, ಆಮೇಲೆ ಹುಣ್ಣು. ಬಣ್ಣ ತುಂಬಿದ ಸೂಕ್ಷ್ಮ ಗುಳಿಗೆಗಳಿದ್ದ ಕಾಲುಚೀಲವೊಂದನ್ನೂ ಅವರು ಮಾಡಿದರು. ಅದನ್ನು ತೊಟ್ಟು ಒಂದಿಷ್ಟು ನಡೆದರೆ ಹೆಚ್ಚು ಒತ್ತು ಬಿದ್ದ ಕಡೆ ಗುಳಿಗೆ ಒಡೆದು ಬಣ್ಣ ಹರಡುತ್ತಿತ್ತು. ಇಂದು ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಮೂಡುವ ಪಾದದ ಬಣ್ಣದ ಚಿತ್ರದ ಅಜ್ಜ ಆ ಕಾಲುಚೀಲ.

ಬ್ರ್ಯಾಂಡ್ ತಮ್ಮ ಪುಸ್ತಕದಲ್ಲಿ ಹೇಳಿಕೊಂಡ ಒಂದು ರಾತ್ರಿಯ ಪ್ರಸಂಗವಿದೆ. ದೀರ್ಘ ಪ್ರಯಾಣ ಮುಗಿಸಿ ಲಂಡನ್ನಿನಲ್ಲಿ ಇಳಿದುಕೊಂಡಿದ್ದರು. ಕಾಲುಚೀಲ ಬಿಚ್ಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲದ ಹಾಗೆ ಅನಿಸಿತು. ಸೂಜಿ ಚುಚ್ಚಿದರು, ನೋವಿಲ್ಲ. ತಮಗೂ ಕುಷ್ಠ ತಗಲಿತು ಎಂದುಕೊಂಡು ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಚುಚ್ಚಿದಾಗ ಚುರುಕ್ ಎಂದಿತು. ರೈಲಿನಲ್ಲಿ ಅಲುಗಾಡದೆ ಕೂತು ನರ ಜೋಮು ಹಿಡಿದಿತ್ತು, ಅಷ್ಟೆ. ನೋವಾಯಿತೆಂದು ದೇವರಿಗೆ ಕೈಮುಗಿದ ವೈದ್ಯರು ವಿರಳ.

ಪಾದದ ನೋವಿಗೆ ಮಾಡಿಸಿ ಪಾದರಕ್ಷೆಯೊಳಗೆ ಇಡುವ ಅಳತೆಯ ಇನ್‌ಸೋಲ್‌ಗಳ ಬಗ್ಗೆ ಮಾತಾಡಲು ಕುಷ್ಠದಿಂದ ಹೊರಟದ್ದಕ್ಕೆ ಕಾರಣವಿದೆ. ಈ ಸಾಧನಗಳಿಗೆ ಆರ್ಥೋಟಿಕ್ಸ್ ಎಂದು ಹೆಸರು. ಗ್ರೀಕಿನಲ್ಲಿ ‘ಆರ್ಥೋಸ್’ ಎಂದರೆ ನೆಟ್ಟಗಿರುವುದು. ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡುತ್ತದೆ ಎಂಬ ಭರವಸೆ ಹೆಸರಿನಲ್ಲೇ ಇದೆ. ಹೆಸರು ಹೇಳುವುದೊಂದು, ಅದು ಮಾಡುವ ಕೆಲಸ ಇನ್ನೊಂದು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕ್ಷೇತ್ರ ಹೆಸರನ್ನೇ ನಂಬಿಕೊಂಡು ಬಂತು. ಬ್ರ್ಯಾಂಡ್ ಕಾಲನ್ನು ನೆಟ್ಟಗೆ ಮಾಡಲು ಹೋಗಲಿಲ್ಲ, ಭಾರವನ್ನು ಹಂಚಿದರು.

ಪಾದದ ಒಳಗೆ ಏನಿದೆ ಎಂದು ಒಮ್ಮೆ ನೋಡಬೇಕು. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಎರಡೂ ಪಾದ ಸೇರಿದರೆ 52 ಮೂಳೆ, ಅಂದರೆ ಇಡೀ ಮೈಯ 206 ಮೂಳೆಗಳಲ್ಲಿ ಕಾಲು ಭಾಗ ಕಾಲಲ್ಲೇ. ಇವು ಜೋಡಿಸಿಕೊಂಡಿರುವ ರೀತಿಗೆ ಕನ್ನಡದಲ್ಲಿ ಒಂದೇ ಮಾತು ಸಾಕು: ಕಮಾನು. ನಾವು ಕಮಾನು ಎನ್ನುವುದು ಬಾಗಿಲ ಮೇಲಿನ ಕಲ್ಲುಕಟ್ಟಡಕ್ಕೆ, ಬಿಲ್ಲಿಗೆ, ಲಾರಿಯ ಅಡಿಯಲ್ಲಿರುವ ಪಟ್ಟಿ ಪಟ್ಟಿ ಸ್ಪ್ರಿಂಗಿಗೂ. ಪಾದ ಈ ಮೂರೂ ಹೌದು. ನಿಂತಾಗ ಕಲ್ಲಿನ ಕಮಾನಿನಂತೆ ಭಾರ ಹೊರುತ್ತದೆ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ತಂತುಪಟ್ಟಿ ಬಿಗಿದಿದೆ. ವೈದ್ಯರು ಅದನ್ನು ಪ್ಲಾಂಟರ್ ಫೇಸಿಯಾ ಎನ್ನುತ್ತಾರೆ. ಅದು ಈ ಬಿಲ್ಲಿನ ಹೆದೆ. ಓಡುವಾಗ ಇಡೀ ರಚನೆ ಲಾರಿಯ ಕಮಾನಿನಂತೆ ತಗ್ಗಿ ಏಳುತ್ತದೆ. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಮ್ಯಾಕ್‌ನೀಲ್ ಅಲೆಗ್ಸಾಂಡರ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಅಳೆದರು: ಓಟದ ಪ್ರತಿ ಹೆಜ್ಜೆಯಲ್ಲಿ ದೇಹ ಕಳೆದುಕೊಂಡು ಮತ್ತೆ ಪಡೆಯುವ ಚೈತನ್ಯದಲ್ಲಿ ಸುಮಾರು ಶೇ. 17ರಷ್ಟನ್ನು ಈ ಕಮಾನೇ ಕೂಡಿಟ್ಟು ಹಿಂದಿರುಗಿಸುತ್ತದೆ.

ಹೆದೆಯ ಇನ್ನೊಂದು ಚಮತ್ಕಾರವನ್ನು ಓದುಗರು ಕೂತಲ್ಲೇ ನೋಡಬಹುದು. ಬರಿಗಾಲನ್ನು ನೆಲಕ್ಕೆ ಊರಿ, ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ. ಪಾದದ ಒಳಮಗ್ಗುಲಿನ ಕಮಾನು ತಾನಾಗಿ ಮೇಲೇಳುತ್ತದೆ. ಹಡಗಿನ ಲಂಗರು ಎತ್ತುವ ರಾಟೆಗೆ ಹಗ್ಗ ಸುತ್ತಿದ ಹಾಗೆ ತಂತುಪಟ್ಟಿ ಬೆರಳ ಬುಡದ ಮೂಳೆಗೆ ಸುತ್ತಿಕೊಂಡು ಬಿಗಿಯುತ್ತದೆ. ಇದನ್ನು 1954ರಲ್ಲಿ ವಿವರಿಸಿದವರು ಜೆ.ಎಚ್. ಹಿಕ್ಸ್. ನಡೆಯುವಾಗ ಹಿಮ್ಮಡಿ ನೆಲಬಿಟ್ಟು ಬೆರಳು ಮಡಿಚುತ್ತಿದ್ದಂತೆ ಪ್ರತಿ ಹೆಜ್ಜೆಯಲ್ಲೂ ಇದು ನಡೆಯುತ್ತದೆ. ಮೆತ್ತಗಿದ್ದ ಪಾದ ಗಟ್ಟಿ ಸನ್ನೆಗೋಲಾಗಿ ಮೈಯನ್ನು ಮುಂದಕ್ಕೆ ನೂಕುತ್ತದೆ.

ಈ ಹೆದೆ ಹಿಮ್ಮಡಿ ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಎದ್ದ ನೋವೇ ನಮ್ಮೂರುಗಳಲ್ಲಿ ‘ಹಿಮ್ಮಡಿ ನೋವು’ ಎಂದು ಮನೆಮಾತಾಗಿರುವುದು. ಗುರುತು ಹಿಡಿಯುವುದು ಸುಲಭ. ಬೆಳಿಗ್ಗೆ ಮಂಚದಿಂದ ಇಳಿದು ಊರಿದ ಮೊದಲ ಹೆಜ್ಜೆಗೆ ಮುಳ್ಳು ತುಳಿದಂತಾಗುತ್ತದೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಕಡಿಮೆ. ಮಧ್ಯಾಹ್ನ ಊಟ ಮಾಡಿ ಎದ್ದಾಗ ಮತ್ತೆ ಶುರು. ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿಯಲ್ಲಿ ಕೊಕ್ಕೆಯಂಥ ಮೂಳೆ ಕಾಣುತ್ತದೆ. ‘ಮೂಳೆ ಬೆಳೆದಿದೆಯಂತೆ’ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಯಾವ ನೋವೂ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಆ ಕೊಕ್ಕೆ ಇರುತ್ತದೆ. ಸಾಮಾನ್ಯವಾಗಿ ತಪ್ಪು ಅದರದ್ದಲ್ಲ, ಹೆಚ್ಚು ದುಡಿದು ಸವೆದ ತಂತುಪಟ್ಟಿಯದು.

ಇನ್ನು ಅಳತೆಯ ಇನ್‌ಸೋಲ್ ಹೇಗೆ ತಯಾರಾಗುತ್ತದೆ? ಹಳೆಯ ಕ್ರಮ ನೋಡಲು ಸೊಗಸು. ಪೇಷಂಟನ್ನು ಬೋರಲು ಮಲಗಿಸಿ, ಮಂಚದಾಚೆ ಚಾಚಿದ ಪಾದಕ್ಕೆ ಒದ್ದೆ ಮಾಡಿದ ಪ್ಲಾಸ್ಟರ್ ಪಟ್ಟಿಯನ್ನು ಸುತ್ತುತ್ತಾರೆ. ತಜ್ಞರು ಕಿರುಬೆರಳ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಹರಡಿನ ಕೀಲು ಒಳಗೂ ವಾಲದೆ ಹೊರಗೂ ವಾಲದೆ ನಿಲ್ಲುವ ಜಾಗ ಹುಡುಕಿ ಹಾಗೇ ಹಿಡಿದಿರುತ್ತಾರೆ. ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಗಲು ಕೆಲವೇ ನಿಮಿಷ. ಬಿಡಿಸಿ ತೆಗೆದರೆ ಕೈಗೆ ಬರುವುದು ಪಾದದ ಚಿಪ್ಪು. ಒಳಗೆ ಅಂಗಾಲಿನ ಗೆರೆಗಳೂ ಮೂಡಿರುತ್ತವೆ. ಅದಕ್ಕೆ ಪ್ಲಾಸ್ಟರ್ ಗಂಜಿ ಹುಯ್ದರೆ ಪಾದದ ಪಡಿಯಚ್ಚು ಸಿದ್ಧ. ಅರ ಹಾಕಿ ಉಜ್ಜಿ, ಬೇಕಾದಲ್ಲಿ ತುಂಬಿ, ಬೇಕಾದಲ್ಲಿ ತಗ್ಗಿಸುತ್ತಾರೆ. ಆಮೇಲೆ ಪಾಲಿಪ್ರೊಪಿಲೀನ್ ಹಾಳೆಯನ್ನು ಒಲೆಯಲ್ಲಿಡುತ್ತಾರೆ. ಹಾಲಿನಂತೆ ಮಬ್ಬಾಗಿದ್ದ ಹಾಳೆ ಕಾಯುತ್ತ ಕಾಯುತ್ತ ಗಾಜಿನಂತೆ ತಿಳಿಯಾಗುತ್ತದೆ. ತೆಗೆಯುವ ಹೊತ್ತು ಬಂತೆಂಬುದಕ್ಕೆ ಅದೇ ಗುರುತು. ಅಚ್ಚಿನ ಮೇಲೆ ಹೊದಿಸಿ, ಪಂಪಿನಿಂದ ಗಾಳಿ ಎಳೆದರೆ ಚರ್ಮದಂತೆ ಅಂಟಿಕೊಳ್ಳುತ್ತದೆ. ತಣಿದ ಮೇಲೆ ಕತ್ತರಿಸಿ, ಅಂಚನ್ನು ತಿರುಗುವ ಸಾಣೆಗೆ ಹಿಡಿದು, ಮೇಲೆ ಮೆತ್ತನೆಯ ಹೊದಿಕೆ ಅಂಟಿಸುತ್ತಾರೆ.

ಪ್ಲಾಸ್ಟರಿನ ಬದಲು ಫೋಮ್ ತುಂಬಿದ ಡಬ್ಬದಲ್ಲಿ ಕಾಲೂರಿಸುವ ಪದ್ಧತಿಯೂ ಇದೆ. ಕಡಲ ದಂಡೆಯ ಒದ್ದೆ ಮರಳಿನಲ್ಲಿ ಹೆಜ್ಜೆ ಮೂಡಿದ ಹಾಗೆ ಅಚ್ಚು ಮೂಡುತ್ತದೆ. ಈಗೀಗ ಸ್ಕ್ಯಾನರ್ ಕೆಲವೇ ಸೆಕೆಂಡಿನಲ್ಲಿ ಪಾದವನ್ನು ಅಳೆಯುತ್ತದೆ, ಯಂತ್ರ ಇವಿಎ ಎಂಬ ಫೋಮಿನ ಗಟ್ಟಿಯಿಂದ ಇನ್‌ಸೋಲ್ ಕಡೆಯುತ್ತದೆ ಅಥವಾ ತ್ರೀಡಿ ಪ್ರಿಂಟರ್ ಪದರ ಪದರವಾಗಿ ಕಟ್ಟುತ್ತದೆ. ಆದರೆ ಅಚ್ಚು ತೆಗೆಯುವುದಷ್ಟೇ ಅಳತೆಯಲ್ಲ. ಬೆರಳ ಬುಡದಲ್ಲಿ ನೋವಿದ್ದರೆ ಅಲ್ಲಿಗೇ ಮೆತ್ತೆ ಇಟ್ಟರೆ ನೋವು ಹೆಚ್ಚುತ್ತದೆ. ನೋವಿನ ಜಾಗಕ್ಕಿಂತ ತುಸು ಹಿಂದೆ ಸಣ್ಣ ದಿಬ್ಬ ಇಡಬೇಕು, ಆಗ ಭಾರ ದಿಬ್ಬದ ಮೇಲೆ ಬಿದ್ದು ಮುಂದಿನ ಮೂಳೆ ಉಸಿರಾಡುತ್ತದೆ. ಆ ‘ತುಸು’ ಎಷ್ಟು ಮಿಲಿಮೀಟರ್ ಎಂಬುದರಲ್ಲಿ ಕಸುಬುದಾರಿಕೆ ಇದೆ. ಸ್ಕ್ಯಾನರ್ ಅದನ್ನು ಹೇಳುವುದಿಲ್ಲ.

ಮಾಲುಗಳಲ್ಲಿ, ಮ್ಯಾರಥಾನ್ ಮೇಳಗಳಲ್ಲಿ ಒತ್ತಡ ಅಳೆಯುವ ಚಾಪೆ ಹಾಸಿಕೊಂಡು ಕೂತವರ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಅದರ ಮೇಲೆ ನಿಂತವರಿಗೆಲ್ಲ ಪರದೆಯಲ್ಲಿ ಹಿಮ್ಮಡಿ ಕೆಂಪಾಗಿ ಕಾಣುತ್ತದೆ. ‘ನೋಡಿ ಸಾರ್, ಎಷ್ಟು ಪ್ರೆಶರ್!’ ಎಂದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಹಿಮ್ಮಡಿ ಕೆಂಪಾಗಿ ಕಾಣದ ಮನುಷ್ಯ ಇನ್ನೂ ಹುಟ್ಟಿಲ್ಲ. ಭಾರ ಹೊರಲೆಂದೇ ಅದಿರುವುದು.

ಕಾಲನ್ನು ನೆಟ್ಟಗೆ ಮಾಡುವ ಆಸೆಯ ಚರಿತ್ರೆ ಉದ್ದವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ರಾಯಲ್ ವಿಟ್‌ಮನ್ ಚಪ್ಪಟೆ ಪಾದಕ್ಕೆ ಲೋಹದ ತಟ್ಟೆ ಮಾಡಿಕೊಟ್ಟರು. 1904ರಲ್ಲಿ ಷಿಕಾಗೊದ ವಿಲಿಯಂ ಶೋಲ್ ಕಮಾನಿಗೆ ಆನಿಕೆ ಕೊಡುವ ‘ಫುಟ್ ಈಸರ್’ ಮಾರುಕಟ್ಟೆಗೆ ತಂದರು. ಆಣಿಗೆ ಹಚ್ಚುವ ಪಟ್ಟಿಯ ಮೇಲೆ ಇಂದಿಗೂ ಅವರ ಹೆಸರಿದೆ. ಇಪ್ಪತ್ತನೆಯ ಶತಮಾನದ ನಡುವಿನಿಂದ ಕ್ಯಾಲಿಫೋರ್ನಿಯಾದ ಮರ್ಟನ್ ರೂಟ್ ಇದಕ್ಕೊಂದು ಶಾಸ್ತ್ರವನ್ನೇ ಕಟ್ಟಿದರು. ಹರಡಿನ ಕೆಳಗಿನ ಕೀಲಿಗೆ ಒಂದು ‘ತಟಸ್ಥ’ ಸ್ಥಿತಿ ಇದೆ, ಅದರಿಂದ ಕಾಲು ಒಳಕ್ಕೆ ವಾಲಿದರೆ ಮೊಣಕಾಲ ಕೆಳಗಿನ ಮೂಳೆ ತಿರುಚಿಕೊಳ್ಳುತ್ತದೆ, ಅಲ್ಲಿಂದ ಮಂಡಿ, ಸೊಂಟ, ಬೆನ್ನು ಎಲ್ಲಕ್ಕೂ ತೊಂದರೆ. ಇನ್‌ಸೋಲ್ ಇಟ್ಟು ಕಾಲನ್ನು ತಟಸ್ಥಕ್ಕೆ ತಂದರೆ ಎಲ್ಲವೂ ಸರಿ. ಕೇಳಲು ಚೆನ್ನಾಗಿತ್ತು. ಪಾದ ತಿರುಗಿದರೆ ಮೇಲಿನ ಮೂಳೆ ತಿರುಗುವುದೂ ನಿಜ. ಬೂಟಿನೊಳಗೆ ಮೂಳೆ ನಿಜಕ್ಕೂ ಎಷ್ಟು ತಿರುಗುತ್ತದೆ ಎಂದು ಕಂಡವರು ಮಾತ್ರ ಯಾರೂ ಇರಲಿಲ್ಲ.

ಕಂಡೇ ತೀರಬೇಕೆಂದು ಹೊರಟವರ ಕೆಲಸ 2000ದಲ್ಲಿ ಪ್ರಕಟವಾಯಿತು. ಅಲೆಕ್ಸ್ ಸ್ಟಾಕಾಫ್, ಬೆನ್ನೊ ನಿಗ್ ಮತ್ತಿತರರು ಐದು ಮಂದಿ ಸ್ವಯಂಸೇವಕರ ಹಿಮ್ಮಡಿ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಲೋಹದ ಪಿನ್ನು ಕೂರಿಸಿ, ಆ ಪಿನ್ನುಗಳ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿಯುತ್ತ ಅವರನ್ನು ಓಡಿಸಿದರು. (ಸ್ವಯಂಸೇವಕರು ಎಂಬ ಪದಕ್ಕೆ ಇಲ್ಲಿ ತುಸು ಹೆಚ್ಚೇ ಗೌರವ ಸಲ್ಲಬೇಕು.) ಇನ್‌ಸೋಲ್ ಇಟ್ಟಾಗಿನದಕ್ಕೂ ಇಡದಾಗಿನದಕ್ಕೂ ಮೂಳೆಗಳ ಚಲನೆಯಲ್ಲಿ ಕಂಡ ವ್ಯತ್ಯಾಸ ಅತ್ಯಲ್ಪ. ಅದೂ ಒಬ್ಬರಲ್ಲಿ ಒಂದು ಕಡೆಗೆ, ಇನ್ನೊಬ್ಬರಲ್ಲಿ ಇನ್ನೊಂದು ಕಡೆಗೆ. ನೆಟ್ಟಗೆ ಮಾಡುವ ಕತೆ ಅಲ್ಲಿಗೆ ಸೊರಗಿತು.

ಹಾಗಾದರೆ ಇನ್‌ಸೋಲ್ ಹಾಕಿದವರ ನೋವು ಕಡಿಮೆಯಾಗುವುದು ಸುಳ್ಳೇ? ಅಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ನಿಗ್ ಗುಂಪೇ 206 ಸೈನಿಕರ ಮೇಲೆ ಇನ್ನೊಂದು ಅಧ್ಯಯನ ನಡೆಸಿತು. ಒಂದು ಗುಂಪಿನ ಮುಂದೆ ಆರು ಬಗೆಯ ಇನ್‌ಸೋಲ್ ಇಟ್ಟು ‘ನಿಮಗೆ ಹಿತವಾದದ್ದನ್ನು ಆರಿಸಿಕೊಳ್ಳಿ’ ಎಂದರು. ಎಲ್ಲರೂ ಒಂದನ್ನೇ ಆರಿಸಲಿಲ್ಲ. ತಮಗೆ ಹಿತವಾದದ್ದನ್ನು ತೊಟ್ಟವರಲ್ಲಿ ಕಾಲುನೋವು, ಮೂಳೆಬಿರುಕು ಕಡಿಮೆಯಾದವು. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದು ಹಾಕಿಕೊಂಡವರಿಗೇ ಗೊತ್ತು ಎಂದು ನಮ್ಮಲ್ಲಿ ಹೇಳುವುದನ್ನೇ ವಿಜ್ಞಾನಿಗಳು ಬಳಸುಬಳಸಿ ಕಂಡುಕೊಂಡರು. ಮೂಳೆಯ ದಾರಿ ಬದಲಾಗದಿದ್ದರೂ ಭಾರ ಬೀಳುವ ಜಾಗ ಬದಲಾಗುತ್ತದೆ, ಸ್ನಾಯುಗಳು ಪಡುವ ಪಾಡು ಕಡಿಮೆಯಾಗುತ್ತದೆ.

ಅಳತೆ ಕೊಟ್ಟು ಮಾಡಿಸಿದ್ದಕ್ಕೂ ಅಂಗಡಿಯಲ್ಲಿ ಸಿಗುವ ಸಿದ್ಧ ಇನ್‌ಸೋಲ್‌ಗೂ ಬೆಲೆಯಲ್ಲಿ ಅಜಗಜಾಂತರ. ಗುಣದಲ್ಲಿ? ಉತ್ತರ ಕಾಲಿನಿಂದ ಕಾಲಿಗೆ ಬೇರೆ. ಆಸ್ಟ್ರೇಲಿಯಾದ ಕಾರ್ಲ್ ಲ್ಯಾಂಡಾರ್ಫ್ ಮತ್ತು ಸಂಗಡಿಗರು ಹಿಮ್ಮಡಿ ನೋವಿನ 135 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಅಳತೆಯದು, ಒಂದಕ್ಕೆ ಸಿದ್ಧವಾದದ್ದು, ಒಂದಕ್ಕೆ ಬರೀ ತೋರಿಕೆಯ ಮೆತ್ತೆ. 2006ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಮೂರು ತಿಂಗಳ ಹೊತ್ತಿಗೆ ಅಳತೆಯದೂ ಸಿದ್ಧವಾದದ್ದೂ ತೋರಿಕೆಯದಕ್ಕಿಂತ ತುಸು ಮೇಲು. ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವರ್ಷ ತುಂಬುವಷ್ಟರಲ್ಲಿ ಮೂರೂ ಒಂದೇ. ಹಿಮ್ಮಡಿ ನೋವು ಬಹುಪಾಲು ಜನರಲ್ಲಿ ವರ್ಷದೊಳಗೆ ತಾನಾಗಿ ಇಳಿಯುವ ನೋವು. ಅಷ್ಟರವರೆಗೆ ನಡೆದಾಡಲು ಊರುಗೋಲು ಬೇಕು. ಆ ಊರುಗೋಲು ಅಗ್ಗದ್ದಾದರೂ ನಡೆಯುತ್ತದೆ. ಜೊತೆಗೆ ವ್ಯಾಯಾಮ ಬೇಕು. ಡೆನ್ಮಾರ್ಕಿನ ಮೈಕೆಲ್ ರಾತ್ಲೆಫ್ ತಂಡ 2014ರಲ್ಲಿ ತೋರಿಸಿದ ಉಪಾಯಕ್ಕೆ ಒಂದು ಮೆಟ್ಟಿಲು, ಸುರುಳಿ ಸುತ್ತಿದ ಒಂದು ಟವೆಲ್ ಸಾಕು. ಟವೆಲನ್ನು ಕಾಲ್ಬೆರಳ ಕೆಳಗಿಟ್ಟು ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಎತ್ತುವುದು, ನಿಧಾನ ಇಳಿಸುವುದು, ದಿನ ಬಿಟ್ಟು ದಿನ. ಹಿಕ್ಸ್ ಹೇಳಿದ ರಾಟೆಯನ್ನು ಬಿಗಿದು ಹೆದೆಗೆ ಭಾರ ಕೊಡುವ ಕ್ರಮ ಇದು. ಮೂರು ತಿಂಗಳ ಹೊತ್ತಿಗೆ ಇದು ಬರೀ ಎಳೆತದ ವ್ಯಾಯಾಮಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು.

ಕಮಾನು ವಿಪರೀತ ಎತ್ತರವಿರುವ ಪಾದದ ಕತೆ ಬೇರೆ. ಚಪ್ಪಟೆ ಪಾದಕ್ಕೆ ಸಿಕ್ಕ ಪ್ರಚಾರ ಇದಕ್ಕೆ ಸಿಕ್ಕಿಲ್ಲ. ನೋವು ಕೊಡುವುದರಲ್ಲಿ ಇದೇನೂ ಹಿಂದೆ ಬಿದ್ದಿಲ್ಲ. ಒದ್ದೆ ಕಾಲಲ್ಲಿ ನಡೆದರೆ ನೆಲದ ಮೇಲೆ ಹಿಮ್ಮಡಿಯದೊಂದು ಉಂಡೆ, ಬೆರಳ ಬುಡದ್ದೊಂದು ಪಟ್ಟಿ, ನಡುವೆ ಬರಿದು. ಇಡೀ ಮೈಭಾರ ಆ ಎರಡೇ ತುಂಡಿನ ಮೇಲೆ. ಯಾವ ಸಿದ್ಧ ಇನ್‌ಸೋಲೂ ಆ ಎತ್ತರದ ಪೊಳ್ಳನ್ನು ತುಂಬುವುದಿಲ್ಲ. ಜೋಶುವಾ ಬರ್ನ್ಸ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ಇಂಥ 154 ಮಂದಿಯನ್ನು ಪರೀಕ್ಷಿಸಿ 2006ರಲ್ಲಿ ಬರೆದರು. ಮೂರು ತಿಂಗಳಲ್ಲಿ ಅಳತೆಯ ಇನ್‌ಸೋಲ್ ತೊಟ್ಟವರ ನೋವು ಶೇ. 74ರಷ್ಟು ಇಳಿದಿತ್ತು, ತೋರಿಕೆಯದನ್ನು ತೊಟ್ಟವರದು ಶೇ. 43ರಷ್ಟು. ತೋರಿಕೆಯದಕ್ಕೂ ಅಷ್ಟು ಫಲ ಸಿಕ್ಕಿದ್ದು ಗಮನಿಸಬೇಕಾದ ಮಾತೇ. ಆದರೂ ನಡುವಿನ ಅಂತರ ಚಿಕ್ಕದಲ್ಲ. ಸಂಧಿವಾತದಿಂದ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ನಿಂದ, ಹಿಮ್ಮಡಿ ಓರೆಯಾಗಿ ವಾಲಿದ ಪಾದಗಳಲ್ಲೂ ಅಳತೆಯ ಸಾಧನ ಗೆದ್ದಿದೆ. ಬ್ರಿಟನ್ನಿನ ಜಿಮ್ ವುಡ್‌ಬರ್ನ್ ತಂಡ 98 ರೋಗಿಗಳನ್ನು 30 ತಿಂಗಳು ಹಿಂಬಾಲಿಸಿ ಇದನ್ನು ಖಚಿತಪಡಿಸಿತು.

ಪಾದ ದಾಟಿ ಮೇಲೆ ಹೋದಂತೆ ಸಾಕ್ಷ್ಯ ತೆಳುವಾಗುತ್ತದೆ. ಮಂಡಿಚಿಪ್ಪಿನ ಹಿಂದಿನ ನೋವಿಗೆ ಇನ್‌ಸೋಲ್ ಮೊದಲ ಕೆಲವು ವಾರ ನೆರವಾಗುತ್ತದೆ. ಸವೆದ ಮಂಡಿಗೆ ಒಂದು ಬದಿ ಎತ್ತರದ ಇನ್‌ಸೋಲ್ ಕೊಡುವ ರೂಢಿಯಿದೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಸಪಾಟು ಇನ್‌ಸೋಲ್‌ಗಿಂತ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬೆನ್ನುನೋವು ಬಾರದಂತೆ ಇನ್‌ಸೋಲ್ ತಡೆಯುವುದಿಲ್ಲ ಎಂಬುದಕ್ಕೆ ಬಲವಾದ ಪುರಾವೆಯೇ ಇದೆ. ಒಂದು ಕಾಲು ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಗಿಡ್ಡವಿದ್ದು ಸೊಂಟ ವಾಲಿದ್ದರೆ ಹಿಮ್ಮಡಿಗೆ ಎತ್ತರ ಕೊಡುವುದು ಸರಿ. ಅದು ಬಿಟ್ಟು, ಕಾಲಿಗೊಂದು ತಟ್ಟೆ ಇಟ್ಟು ತಲೆನೋವಿನವರೆಗೆ ವಾಸಿ ಮಾಡುತ್ತೇವೆನ್ನುವ ಜಾಹೀರಾತನ್ನು ಪಕ್ಕಕ್ಕಿಡುವುದೇ ವಿವೇಕ.

ಮಕ್ಕಳ ಚಪ್ಪಟೆ ಪಾದದ ವಿಷಯದಲ್ಲಂತೂ ಅಪ್ಪ ಅಮ್ಮಂದಿರ ದುಡ್ಡು ಸುಮ್ಮನೆ ಹೋಗುತ್ತಿದೆ. ಹುಟ್ಟಿದ ಕೂಸುಗಳ ಪಾದವೆಲ್ಲ ಚಪ್ಪಟೆಯೇ. ಕಮಾನು ಏಳುವುದು ಬೆಳೆಯುತ್ತ ಬೆಳೆಯುತ್ತ. ಅಮೆರಿಕದ ಡೆನ್ನಿಸ್ ವೆಂಗರ್ ಮತ್ತು ಸಂಗಡಿಗರು ಮೂರು ವರ್ಷ ಮಕ್ಕಳಿಗೆ ವಿಶೇಷ ಬೂಟು, ಇನ್‌ಸೋಲ್ ತೊಡಿಸಿ 1989ರಲ್ಲಿ ವರದಿ ಕೊಟ್ಟರು: ಏನೂ ತೊಡಿಸದ ಮಕ್ಕಳ ಕಮಾನೂ ಅಷ್ಟೇ ಬೆಳೆದಿತ್ತು. ಇದಕ್ಕಿಂತ ಸ್ವಾರಸ್ಯದ ಸಂಶೋಧನೆ ನಡೆದದ್ದು ನಮ್ಮ ಮಣಿಪಾಲದಲ್ಲಿ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಯದು ಚಪ್ಪಟೆ ಪಾದ. ಬರಿಗಾಲಲ್ಲಿ ಓಡಾಡುವವರಲ್ಲಿ ಶೇ. 2.8. ಚಪ್ಪಲಿ, ಸ್ಯಾಂಡಲ್ ಹಾಕುವವರಿಗಿಂತ ಬೆರಳು ಮುಚ್ಚುವ ಬೂಟಿನವರಲ್ಲಿ ಹೆಚ್ಚು. 1992ರ ಈ ಲೇಖನವನ್ನು ಜಗತ್ತಿನ ಮೂಳೆವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಎಲ್‌ಕೆಜಿ ಮಗುವಿಗೆ ದಿನವಿಡೀ ಬೂಟು ಬಿಗಿದು, ಆಮೇಲೆ ಕಮಾನಿಗೆ ಆನಿಕೆ ಹುಡುಕುವವರು ಇದನ್ನು ಒಮ್ಮೆ ಓದಬೇಕು. ನೋವಿಲ್ಲದೆ ಆಡಿಕೊಂಡಿರುವ ಮಗುವಿನ ಚಪ್ಪಟೆ ಪಾದಕ್ಕೆ ಚಿಕಿತ್ಸೆ ಬೇಕಿಲ್ಲ. ಪಾದ ಮರದಂತೆ ಬಿಗಿದಿದ್ದರೆ, ನೋವಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಇಷ್ಟೆಲ್ಲ ಆದ ಮೇಲೆ ಮತ್ತೆ ಚಪ್ಪಲಿ ಅಂಗಡಿಯವರ ಪ್ರಶ್ನೆಗೆ ಬರಬೇಕು: ‘ಶುಗರಾ?’ ಅಳತೆಯ ಪಾದರಕ್ಷೆ ಅನುಕೂಲದ ಮಾತಾಗಿರದೆ ಕಾಲು ಉಳಿಸುವ ಮಾತಾಗುವುದು ಇಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರವನ್ನು ಸೊರಗಿಸುತ್ತದೆ. ಬ್ರ್ಯಾಂಡ್ ವೆಲ್ಲೂರಿನಲ್ಲಿ ಕಂಡದ್ದೇ ಇವರಲ್ಲೂ ನಡೆಯುತ್ತದೆ. ಸ್ಪರ್ಶ ಹೋದ ಕಾಲಿಗೆ ‘ಹಿತವಾದದ್ದನ್ನು ಆರಿಸಿಕೊಳ್ಳಿ’ ಎನ್ನುವಂತಿಲ್ಲ, ಅದಕ್ಕೆ ಹಿತ ಅಹಿತ ತಿಳಿಯದು. ಇಲ್ಲಿ ಅಳೆದೇ ನೋಡಬೇಕು. ಹುಣ್ಣು ಒಮ್ಮೆ ಆಗಿ ಮಾಯ್ದ ಜಾಗದಲ್ಲಿ ಒತ್ತಡವನ್ನು ಶೇ. 30ರಷ್ಟಾದರೂ ಇಳಿಸಬೇಕೆಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರ ಗುರಿ. ಬೆರಳ ನಡುವೆ ತೂರಿಸುವ ಉಂಗುಟದ ಚಪ್ಪಲಿ ಇಂಥವರಿಗೆ ಸಲ್ಲದು. ಹಿಂಬದಿ ಪಟ್ಟಿಯಿರುವ, ಅಗಲವಾದ, ಅಂಟುಪಟ್ಟಿಯಲ್ಲಿ ಸಡಿಲಿಸಿ ಬಿಗಿಯಬಹುದಾದದ್ದೇ ಆಗಬೇಕು.

ಮಾಡಿಸಿಕೊಂಡರೆ ಮುಗಿಯಲಿಲ್ಲ, ತೊಡಬೇಕು. ನೆದರ್ಲೆಂಡ್ಸಿನ ಸಿಕ್ಕೊ ಬುಸ್ ತಂಡ, ಹಿಂದೆ ಹುಣ್ಣಾಗಿದ್ದ 171 ಮಧುಮೇಹಿಗಳಿಗೆ ಅಳತೆಯ ಬೂಟು ಮಾಡಿಸಿಕೊಟ್ಟು ಒಂದೂವರೆ ವರ್ಷ ನೋಡಿಕೊಂಡಿತು. ಅರ್ಧದಷ್ಟು ಮಂದಿಗೆ ಒತ್ತಡ ಅಳೆದು ಇನ್ನಷ್ಟು ತಿದ್ದಿದ ಬೂಟು, ಉಳಿದವರಿಗೆ ಮಾಮೂಲಿಯದು. ಒಟ್ಟಾರೆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಆದರೆ ನೂರಕ್ಕೆ 80 ಹೆಜ್ಜೆಯನ್ನಾದರೂ ಬೂಟಿನಲ್ಲೇ ಇಟ್ಟವರನ್ನು ಬೇರೆ ಮಾಡಿ ನೋಡಿದಾಗ, ತಿದ್ದಿದ ಬೂಟಿನವರಲ್ಲಿ ಶೇ. 25.7 ಮಂದಿಗೆ ಮತ್ತೆ ಹುಣ್ಣಾಗಿತ್ತು, ಮಾಮೂಲಿಯವರಲ್ಲಿ ಶೇ. 47.8. ಉಳಿದವರು ಬೂಟು ಬಿಚ್ಚಿಡುತ್ತಿದ್ದುದು ಎಲ್ಲಿ? ಮನೆಯಲ್ಲಿ. ಅದೇ ಗುಂಪಿನ ಇನ್ನೊಂದು ಅಧ್ಯಯನದಂತೆ ಹೊರಗಿದ್ದಾಗ ಹೆಜ್ಜೆಗಳಲ್ಲಿ ಶೇ. 87 ಬೂಟಿನಲ್ಲಿ ಬಿದ್ದರೆ ಮನೆಯಲ್ಲಿ ಶೇ. 61 ಮಾತ್ರ. ದಿನದ ಹೆಚ್ಚು ಹೆಜ್ಜೆ ಬಿದ್ದದ್ದೂ ಮನೆಯೊಳಗೇ.

ಮನೆಯೊಳಗೂ ಬೂಟು ಹಾಕುವ ಅಭ್ಯಾಸ ಇರುವವರ ನಾಡಿನ ಲೆಕ್ಕ ಅದು. ನಮ್ಮಲ್ಲಿ ಚಪ್ಪಲಿಯ ಪ್ರಯಾಣ ಹೊಸ್ತಿಲಿಗೇ ಮುಗಿಯುತ್ತದೆ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಹಾಕಿದ ಗಟ್ಟಿ ನೆಲದ ಮೇಲೆ ಅಡುಗೆಮನೆಗೂ ಪಡಸಾಲೆಗೂ ದಿನವಿಡೀ ತಿರುಗುವ ಹೆಂಗಸಿಗೆ ವೈದ್ಯರು ಬರೆದುಕೊಟ್ಟ ಇನ್‌ಸೋಲ್ ಬಾಗಿಲ ಹೊರಗಿನ ಬೂಟಿನೊಳಗೆ ತಣ್ಣಗೆ ಕೂತಿರುತ್ತದೆ. ಸೀರೆಗೆ ಬೂಟು ಹಾಕಿ ಮದುವೆಗೆ ಹೋಗುವವರು ಎಷ್ಟು ಮಂದಿ? ಬೂಟಿಗೆಂದು ಹುಟ್ಟಿದ ಚಿಕಿತ್ಸೆಯನ್ನು ನಮ್ಮ ಕಾಲಿಗೆ ಹಾಗೇ ತಗಲಿಸುವುದರ ತೊಡಕು ಇದು. ಬ್ರ್ಯಾಂಡ್ ಅದನ್ನು ಅಂದೇ ಅರಿತಿದ್ದರು. ಅವರು ಮಾಡಿಸಿದ್ದು ಬೂಟಲ್ಲ, ಚಪ್ಪಲಿ. ಅಳತೆಯ ಅಚ್ಚನ್ನು ಚಪ್ಪಲಿಯ ಅಟ್ಟೆಗೇ ಸೇರಿಸಿ ಎರಡು ಜೊತೆ ಮಾಡಿಸುವುದು, ಒಂದನ್ನು ಮನೆಯೊಳಗೆ ಮಾತ್ರ ಬಳಸುವುದು ಜಾಣತನ. ದೇವರಮನೆಯ ಮುಂದೆ ಅದನ್ನೂ ಬಿಟ್ಟರೆ ಯಾರ ಮಡಿಗೂ ಭಂಗವಿಲ್ಲ.

ಮಾಡಿಸುವುದಾದರೆ ಯಾರಲ್ಲಿಗೆ ಹೋಗಬೇಕು? ಪ್ರೋಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಎಂಬ ಪದವಿಯೇ ಇದೆ. ಓದಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ಈ ವಿದ್ಯೆ ಕಲಿಸುತ್ತಾರೆ. ಹೋಗುವಾಗ ಹಳೆಯ ಚಪ್ಪಲಿಯನ್ನು ತೊಳೆಯದೆ ಜೊತೆಗೊಯ್ಯಿರಿ. ಅಟ್ಟೆ ಎಲ್ಲಿ ಸವೆದಿದೆ ಎಂಬುದು ಅನುಭವಿ ತಜ್ಞರಿಗೆ ಅರ್ಧ ಕತೆ ಹೇಳಿಬಿಡುತ್ತದೆ. ಹೊಸದನ್ನು ಮೊದಲ ದಿನ ಒಂದು ತಾಸು ಮಾತ್ರ ಹಾಕಿ, ದಿನೇ ದಿನೇ ಹೆಚ್ಚಿಸಿಕೊಳ್ಳಿ. ಕೆಲವು ವಾರ ಕಳೆದರೂ ಒತ್ತುತ್ತಿದ್ದರೆ ವಾಪಸ್ ಒಯ್ದು ತಿದ್ದಿಸಿ. ಅಳತೆ ಕೊಟ್ಟು ಮಾಡಿಸಿದ್ದೇ ತಿದ್ದಿಸಿಕೊಳ್ಳುವ ಹಕ್ಕಿಗಾಗಿ. ಎಂಸಿಆರ್ ಆಗಲಿ, ಇವಿಎ ಆಗಲಿ, ಕಾಲಕ್ರಮದಲ್ಲಿ ಗುಳ್ಳೆ ಕುಸಿದು ಹಪ್ಪಳವಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಅಟ್ಟೆ ಮೇಲೇಳದಿದ್ದರೆ ಅದರ ಆಯುಸ್ಸು ಮುಗಿಯಿತು.

ಶುಗರ್ ಇರುವವರು ಇನ್ನೊಂದು ಕೆಲಸ ಮಾಡಬೇಕು. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಕಾಲುಚೀಲ ಬಿಚ್ಚಿ, ಅಂಗಾಲಿಗೆ ಹತ್ತು ಗ್ರಾಂ ನೈಲಾನ್ ಎಳೆಯ ಪರೀಕ್ಷೆ ಮಾಡಿರೆಂದು ಕೇಳಿ. ಎಳೆ ಬಾಗುವಷ್ಟು ಒತ್ತಿದಾಗ ಮುಟ್ಟಿದ್ದು ತಿಳಿಯದಿದ್ದರೆ ಆ ಕಾಲಿಗೆ ಅಳತೆಯ ಪಾದರಕ್ಷೆ ಬೇಕು. ಅಲ್ಲಿಯವರೆಗೆ ಕಾಯದೆ, ಇವತ್ತು ರಾತ್ರಿ ಮಲಗುವ ಮುನ್ನ ನೆಲದ ಮೇಲೊಂದು ಕನ್ನಡಿ ಇಟ್ಟು ಎರಡೂ ಅಂಗಾಲನ್ನು ನೋಡಿಕೊಳ್ಳಿ.